ಸೋಗು: ಕ್ರೈಮ್ ಪುಟದ್ದೋ, ದೊಡ್ಡಾಟದ್ದೋ?

ಎಲ್ರಿಗೂ ನಮಸ್ಕಾರ. "ಸೋಗು" ಪದದ ಬಗ್ಗೆ ಕೇಳ್ಬೇಕಿತ್ತು.

ಪೇಪರ್‌ನಲ್ಲಿ ಈ ಪದ ಕಾಣದ ದಿನ ಕಮ್ಮಿ. "ಪೊಲೀಸರ ಸೋಗಿನಲ್ಲಿ ಚಿನ್ನ ದೋಚಿದರು", "ಗ್ರಾಹಕರ ಸೋಗಿನಲ್ಲಿ ಬಂದು ಕಳವು", ಡಿಜಿಟಲ್ ಅರೆಸ್ಟ್ ಹಾವಳಿ ಶುರುವಾದ ಮೇಲಂತೂ "ಸಿಬಿಐ ಅಧಿಕಾರಿ ಸೋಗಿನಲ್ಲಿ". ಗಮನಿಸಿ ನೋಡಿ, ಯಾವಾಗ್ಲೂ ಸಪ್ತಮಿ ವಿಭಕ್ತಿನೇ, "ಸೋಗಿನಲ್ಲಿ" ಅಂತ. ಸೋಗು ಹಾಕಿದ, ಸೋಗು ಕಳಚಿದ ಅಂತ ವರದಿಗಾರರು ಬರೆಯೋದು ಬಲು ಅಪರೂಪ. ಮತ್ತೆ ಬ್ಯಾಂಕ್ ಸಿಬ್ಬಂದಿ ಸೋಗಿನಲ್ಲಿ ಫೋನ್ ಮಾಡಿ ಒಟಿಪಿ ಕೇಳಿದ ಅಂದಾಗ ಅಲ್ಲಿ ಬಟ್ಟೆ ಇಲ್ಲ, ಮೀಸೆ ಇಲ್ಲ, ಬರೀ ದನಿ, ಆದ್ರೂ ಅದು ಸೋಗೇ. ಅಂದ್ರೆ ಉಡುಪಿನ ಅರ್ಥ ಪೂರ್ತಿ ಕಳಚಿ ಬಿದ್ದು ಸುಳ್ಳು ಗುರುತು ಅನ್ನೋದಷ್ಟೇ ಉಳಿದಿದೆ. ಇನ್ನೊಂದು ಮಜಾ ಅಂದ್ರೆ ಪೊಲೀಸರೇ ಗಿರಾಕಿ ಥರ ಹೋಗಿ ದಾಳಿ ಮಾಡಿದ್ರೆ ಸಾಮಾನ್ಯವಾಗಿ ಅದು "ಮಾರುವೇಷ" ಆಗುತ್ತೆ, ಕಳ್ಳ ಹಾಗೇ ಮಾಡಿದ್ರೆ "ಸೋಗು".

ನಮ್ಮ ಬಾಗಲಕೋಟೆ ಕಡೆ ಹಾಗಲ್ರೀ. ದೊಡ್ಡಾಟದಾಗ, ಅಂದ್ರೆ ಈ ಕಡೆಯ ಬಯಲಾಟದಾಗ, ಸೋಗು ಅಂದ್ರೆ ಪಾತ್ರ, ಅದರ ಬಣ್ಣ, ಉಡುಗೆ-ತೊಡುಗೆ ಎಲ್ಲಾ ಸೇರಿ. ಭೀಮನ ಸೋಗು, ರಾಕ್ಷಸ ಸೋಗು, ಹೆಣ್ಣು ಸೋಗು. ಹಗುರ ಕಟ್ಟಿಗೆ ಮೇಲೆ ಬೇಗಡೆ, ಕನ್ನಡಿ ಚೂರು ಅಂಟಿಸಿದ ಕಿರೀಟ, ಭುಜಕೀರ್ತಿ ಎಲ್ಲಾ ಕಟ್ಟಿಕೊಂಡು ಸೋಗು ಆಟದ ಅಟ್ಟದ (ವೇದಿಕೆಯ) ಮೇಲೆ ಬಂದು ಕುಣಿದು ನಿಂತ್ರೆ, ಆಟ ನಡೆಸಿಕೊಡೋ ಸಾರಥಿ ಮುಂದೆ ಬಂದು ತಾವ್ಯಾರು, ಯಾವ ಪಟ್ಟಣದವರು, ಬಂದ ಕಾರಣ ಏನು ಅಂತ ಕೇಳ್ತಾನೆ, ಅದು ತನ್ನ ಹೆಸರು ಬಿರುದು ಎಲ್ಲಾ ಗಟ್ಟಿ ದನಿಯಲ್ಲಿ ಹೇಳ್ತದೆ. ತಾನ್ಯಾರು ಅಂತ ಊರಿಗೆಲ್ಲ ಸಾರೋದೇ ಅದರ ಕೆಲಸ. ಕ್ರೈಮ್ ಪುಟದ ಸೋಗು ತಾನ್ಯಾರು ಅನ್ನೋದನ್ನ ಮುಚ್ಚಿಡೋದು. ಒಂದೇ ಪದ ಹಿಂಗ ಪೂರಾ ತಿರುಗಿ ನಿಂತಿದ್ದು ನನಗೆ ಬಹಳ ಕಾಡ್ತದ.

ನಾನು ಇದನ್ನ ಇಷ್ಟು ತಲೆಗೆ ಹಚ್ಕೊಂಡಿದ್ದಕ್ಕೆ ಕಾರಣ ಐತಿ. ನಮ್ಮೂರ ಆಟದ ಬಗ್ಗೆ ಒಂದು ಪತ್ರಿಕೆಗೆ ಬರೆದು ಕೊಟ್ಟಾಗ "ಕೀಚಕನ ಸೋಗು ಹಾಕಿದವರು" ಅಂತ ಬರೆದಿದ್ದೆ, ಅಚ್ಚಾದಾಗ "ಕೀಚಕನ ಪಾತ್ರಧಾರಿ" ಆಗಿತ್ತು. ಕೇಳಿದ್ರೆ ಡೆಸ್ಕ್‌ನವರು, ಸೋಗು ಅಂದ್ರೆ ಓದುಗರು ಮೋಸ ಅಂದ್ಕೋತಾರೆ ಸರ್, ಅಂದ್ರು. ಅವರ ಮಾತು ಅರ್ಥ ಆಗುತ್ತೆ, ಒಪ್ಪೋಕೆ ಮನಸ್ಸಿಲ್ಲ. ನಾಟಕ ಪದಕ್ಕೂ ಇದೇ ಕಾಟ ಇದೆ, "ವಿಪಕ್ಷದವರ ನಾಟಕ" ಅಂತ ದಿನಾ ಬರುತ್ತೆ, ಹಂಗಂತ ರಂಗಭೂಮಿ ಪುಟದಿಂದ ನಾಟಕ ಪದ ತೆಗೆದ್ರಾ? ವೇಷ ಪದವೂ ಯಕ್ಷಗಾನದ ವಿಮರ್ಶೆಯಲ್ಲಿ ಗಟ್ಟಿಯಾಗೇ ಇದೆ, ಬಣ್ಣದ ವೇಷ, ಪುಂಡುವೇಷ, ಸ್ತ್ರೀವೇಷ ಅಂತ ಮರ್ಯಾದೆಯಿಂದ ಬರೀತಾರೆ. ಸೋಗು ಮಾತ್ರ ಕಲೆಯ ಪುಟದಲ್ಲಿ ಜಾಗ ಕಳ್ಕೊಂಡಿದೆ. ನಾನು ನೋಡೋ ಪೇಪರ್‌ಗಳಲ್ಲಿ ಅದು ತಲೆ ಎತ್ತೋದು ಹೋಳಿ ಹೊತ್ತಿಗೆ, ವೇಷ ಹಾಕಿದವರನ್ನ ಬಂಡಿಯಲ್ಲಿ ಮೆರೆಸೋ ಬಾಗಲಕೋಟೆಯ "ಸೋಗಿನ ಬಂಡಿ" ಸುದ್ದಿ ಬಂದಾಗ, ಅದೂ ಜಿಲ್ಲಾ ಪುಟದಲ್ಲಿ.

ಮರಾಠಿಯ ಸೋಂಗ್ ಪದಕ್ಕೂ ಈ ಎರಡೂ ಅರ್ಥ ಇದಾವೆ, ಆಟದ ವೇಷವೂ ಹೌದು ನಟನೆಯೂ ಹೌದು, ಆದ್ರೆ ಅಲ್ಲಿಯ ಜನಪದ ರಂಗ ತಮಾಶಾದ ಸೋಂಗಾಡ್ಯಾ ಅಂದ್ರೆ ಜನ ಪ್ರೀತಿಸೋ ನಗೆಗಾರ. ನಮ್ಮ ಸೋಗಲಾಡಿ ಬರೀ ಬೈಗುಳ, ಸಂಪಾದಕೀಯದಲ್ಲಿ ರಾಜಕಾರಣಿಗಳಿಗೆ ಮೀಸಲು.

ಹಾಗಾಗಿ ಬಲ್ಲವರು ಹೇಳಿ: ಬಳ್ಳಾರಿ, ಕೊಪ್ಪಳ, ಗದಗ ಕಡೆ ಬಯಲಾಟದವರು ಇವತ್ತೂ ಸೋಗು ಅಂತಾರಾ ಅಥವಾ ಅವರೂ ಪಾತ್ರ, ಪಾರ್ಟು ಅಂತ ಶುರು ಮಾಡಿದಾರಾ? ಮೂಡಲಪಾಯ ಯಕ್ಷಗಾನದಲ್ಲಿ ಏನಂತಾರೆ? ಪತ್ರಿಕೆಯಲ್ಲಿ ಕೆಲಸ ಮಾಡೋರು ಇಲ್ಲಿದ್ರೆ ನಿಮ್ಮ ಡೆಸ್ಕ್‌ನಲ್ಲಿ ಇದಕ್ಕೇನಾದ್ರೂ ನಿಯಮ ಇದೆಯಾ ತಿಳಿಸಿ. ಬಾಗಲಕೋಟೆಯಲ್ಲೇ ಬಯಲಾಟ ಅಕಾಡೆಮಿ ಇದೆ, ಮುಂದಿನ ಸಲ ದೊಡ್ಡಾಟದ ಬಗ್ಗೆ ಬರೆದಾಗ ಸೋಗು ಅಂತಲೇ ಬರೀತೀನಿ, ತಿದ್ದಿದ್ರೆ ಅಕಾಡೆಮಿಯವರ ಪ್ರಕಟಣೆಗಳಲ್ಲಿ ಹೆಂಗೆ ಬಳಸಿದಾರೆ ನೋಡಿ ವಾದಿಸೋಣ ಅಂತಿದೀನಿ, ಯಾರ ಹತ್ರಾದ್ರೂ ಅಂಥ ಪುಸ್ತಕ, ಆಹ್ವಾನ ಪತ್ರಿಕೆ ಇದ್ರೆ ಆ ಸಾಲು ಟೈಪ್ ಮಾಡಿ ಕಳಿಸ್ರಿ.