ಸುಂದರಬನದಿಂದ ಬರೋ ಹುಡುಗೀರು: ಲಾಯರ್ ಮೇಡಂ ಜೊತೆ ಭಾನುವಾರದ ಪ್ರಶ್ನೋತ್ತರ

ಅಡ್ಮಿನ್: ಎಲ್ರಿಗೂ ನಮಸ್ಕಾರ. ಮೇಡಂ ಹೆಣ್ಣುಮಕ್ಕಳ ಕಳ್ಳಸಾಗಣೆ ಕೇಸ್ ನಡೆಸ್ತಾರೆ, ಪಶ್ಚಿಮ ಬಂಗಾಳದ ಸುಂದರಬನ ದ್ವೀಪಗಳಿಂದ ಬೆಂಗಳೂರಿಗೆ ಕರ್ಕೊಂಡು ಬಂದಿರೋ ಹುಡುಗೀರ ಕೇಸೂ ನೋಡಿದಾರೆ. ನಿಮ್ಮ ಹೆಸರು ಬೇಡ, ಏರಿಯಾ ಹೆಸರಲ್ಲೇ ಪ್ರಶ್ನೆ ಕೇಳಿ, ಫಾರ್ವರ್ಡ್ ಹಾಕ್ಬೇಡಿ.

ಜಯನಗರ: ಮೇಡಂ, ಮಕ್ಕಳ ಸಹಾಯವಾಣಿ 1098ಗೆ ಫೋನ್ ಮಾಡಿದ್ರೆ ನಮ್ಮ ಹೆಸರು ಹೊರಗೆ ಬರುತ್ತಾ?

ಲಾಯರ್ ಮೇಡಂ: ಹೆಸರು ಹೇಳ್ದೇನೂ ಮಾಡಬಹುದಮ್ಮ. ಭಯ ಬೇಡ.

ಹೂಡಿ: ಮೇಡಂ, ನಮ್ಮ ಬಿಲ್ಡಿಂಗಲ್ಲಿ ಒಬ್ಬರ ಮನೆಗೆ ಮೂರು ತಿಂಗಳಿಂದ ಒಂದು ಹುಡುಗಿ ಇದೆ, ಮನೇಲೇ ಇದ್ದು ಕೆಲಸ ಮಾಡ್ತಾಳೆ, ಕೇಳಿದ್ರೆ 18 ಅಂತಾಳೆ, ನೋಡಿದ್ರೆ ನನ್ನ ಎಂಟನೇ ಕ್ಲಾಸ್ ಮಗಳಿಗಿಂತ ಚಿಕ್ಕೋಳು. ಊರು ಗೋಸಾಬಾ ಅಂದ್ಲು. ಸಂಬಳ ಕರ್ಕೊಂಡು ಬಂದ ಮಾಮನ ಕೈಗೆ ಹೋಗುತ್ತಂತೆ, ಫೋನ್ ಇಲ್ಲ. ಮೊನ್ನೆ ಲಿಫ್ಟಲ್ಲಿ ಕಸದ ಬಕೆಟ್ ಹಿಡ್ಕೊಂಡು ನಿಂತಿದ್ಲು, ಬೇರೆ ಯಾರೂ ಇರ್ಲಿಲ್ಲ, ಹಿಂದೀಲಿ ಮೆಲ್ಲಗೆ ಕೇಳಿದ್ಲು, ಆಂಟಿ ಇದು ಯಾವ ಊರು ಅಂತ. ಅವತ್ತಿಂದ ನಂಗೆ ನಿದ್ದೆ ಇಲ್ಲ. ಅವರ ಮನೆಯೋರನ್ನೇ ಹೋಗಿ ಕೇಳ್ಲಾ?

ಲಾಯರ್ ಮೇಡಂ: ಕೇಳ್ಬೇಡಿ. ದಯವಿಟ್ಟು ಕೇಳ್ಬೇಡಿ. ನೀವು ಕೇಳಿದ ರಾತ್ರಿನೇ ಆ ಮಾಮ ಬಂದು ಬೇರೆ ಕಡೆ ಸಾಗಿಸ್ತಾನೆ, ಆಮೇಲೆ ಹುಡುಕೋದು ತುಂಬಾ ಕಷ್ಟ.

ಸ್ವಲ್ಪ ಬಿಡಿಸಿ ಹೇಳ್ತೀನಿ. ಗೋಸಾಬಾ ಸುಂದರಬನದಲ್ಲೇ, ದಕ್ಷಿಣ 24 ಪರಗಣ ಜಿಲ್ಲೇಲಿದೆ. ಸುಂದರಬನದ ಭಾರತದ ಭಾಗದಲ್ಲಿ 102 ದ್ವೀಪ, ಜನ ಇರೋದು 54ರಲ್ಲಿ. 2009ರ ಮೇನಲ್ಲಿ ಐಲಾ ಚಂಡಮಾರುತ, 2020ರ ಮೇನಲ್ಲಿ ಆಂಫಾನ್. ಒಡ್ಡು ಒಡೆದು ಗದ್ದೆಗೆ ಉಪ್ಪುನೀರು ನುಗ್ಗಿದ್ರೆ ಭತ್ತ ಬೆಳೆಯೋಕಾಗಲ್ಲ, ಗಂಡಸ್ರು ದುಡಿಯೋಕೆ ದೂರದ ಊರಿಗೆ ಹೋಗ್ತಾರೆ. ಅಂಥ ಹೊತ್ತಲ್ಲಿ ಮನೆ ಬಾಗಿಲಿಗೆ ಬರೋನು ಅಪರಿಚಿತ ಅಲ್ಲ. ಪಕ್ಕದ ಊರಿನೋನು, ದೂರದ ನೆಂಟ, ಇಲ್ಲಾ ಫೋನಲ್ಲಿ ಪರಿಚಯ ಆಗಿ ಮದುವೆ ಆಗ್ತೀನಿ ಅಂದ ಹುಡುಗ. ಅಪ್ಪ ಅಮ್ಮನೇ ಒಪ್ಪಿ ದೋಣಿ ಹತ್ತಿಸ್ತಾರೆ. ನದಿ ದಾಟಿ ಕ್ಯಾನಿಂಗ್, ಅಲ್ಲಿಂದ ಲೋಕಲ್ ಟ್ರೈನಲ್ಲಿ ಕೋಲ್ಕತ್ತಾದ ಸಿಯಾಲ್ದಾ ಸ್ಟೇಷನ್, ಆಮೇಲೆ ಹೌರಾ ಸ್ಟೇಷನ್ನಿಂದ ಬೆಂಗಳೂರು. ಒಬ್ಬಳನ್ನ ಮನೆಕೆಲಸಕ್ಕೆ ಬಿಟ್ಟ, ಇನ್ನೊಬ್ಬಳನ್ನ ಎಲ್ಲಿಗೆ ಮಾರಿದ ಅನ್ನೋದು ಕೇಸ್ ಬಿಚ್ಚಿದಾಗ್ಲೇ ಗೊತ್ತಾಗೋದು.

ಅವಳು 18 ಅಂದ್ಲು, ಆಧಾರಲ್ಲೂ 18 ಇದೆ ಅಂತ ನಿಲ್ಲಿಸ್ಬೇಡಿ. ಬಾಲನ್ಯಾಯ ಕಾಯ್ದೆಯ 94ನೇ ಸೆಕ್ಷನಲ್ಲಿ ವಯಸ್ಸಿಗೆ ಮೊದಲು ಶಾಲೆ ದಾಖಲೆ, ಆಮೇಲೆ ಪಂಚಾಯ್ತಿ ಜನನ ಪತ್ರ, ಎರಡೂ ಇಲ್ದಿದ್ರೆ ಮೂಳೆ ಪರೀಕ್ಷೆ. ಆಧಾರ್ ಅದರಲ್ಲಿಲ್ಲ. 18ರ ಒಳಗಿನೋರ ದುಡಿಮೆಯ ಹಣ ತಡೆ ಹಿಡಿದ್ರೆ ಅದೇ ಕಾಯ್ದೆಯ 79ನೇ ಸೆಕ್ಷನ್, 5 ವರ್ಷದವರೆಗೆ ಜೈಲು. ಕಳ್ಳಸಾಗಣೆಗೆ ಬಿಎನ್‌ಎಸ್ (ಭಾರತೀಯ ನ್ಯಾಯ ಸಂಹಿತೆ) 143ನೇ ಸೆಕ್ಷನ್, ಅಲ್ಲಿ ಹುಡುಗಿ ಒಪ್ಪಿದ್ಲು ಅನ್ನೋ ಮಾತು ನಡೆಯಲ್ಲ.

ಈಗಲೇ 1098ಗೆ ಮಾಡಿ. ಮಹಡಿ, ಮನೆ ನಂಬರ್, ಅವಳು ಯಾವ ಹೊತ್ತಲ್ಲಿ ಒಬ್ಬಳೇ ಇರ್ತಾಳೆ, ಊರಿನ ಹೆಸರು, ಲಿಫ್ಟಲ್ಲಿ ಕೇಳಿದ ಮಾತು, ಎಲ್ಲ ಹೇಳಿ. ಅವರು ಹುಡುಗೀನ ಕರ್ಕೊಂಡು ಹೋದ್ಮೇಲೆ 24 ಗಂಟೆ ಒಳಗೆ ಮಕ್ಕಳ ಕಲ್ಯಾಣ ಸಮಿತಿ ಮುಂದೆ ತರಲೇಬೇಕು. ಬಂಗಾಳಿ ಬರೋರು ಬೇಕು ಅಂತಾನೂ ಹೇಳಿ, ಹುಡುಗಿ ಬಾಯಿ ಬಿಡೋದು ಅವಳ ಭಾಷೇಲೇ.

ವಿಜಯನಗರ: ಗಿರಿನಗರ ಗ್ರೂಪಲ್ಲಿ ಬಂದಿದ್ದು 👇 ಸೆಂಟ್ ಮೂಸಿಸಿ ಹೆಣ್ಮಕ್ಕಳನ್ನ ಎತ್ಕೊಂಡು ಹೋಗ್ತಾರೆ, ಪರ್ಸಲ್ಲಿ ಕರ್ಪೂರ ಇಟ್ಕೊಳ್ಳಿ, ಅನುಮಾನ ಬಂದೋರ ಫೋಟೋ 10 ಗ್ರೂಪಿಗೆ ಕಳಿಸಿ.

ಲಾಯರ್ ಮೇಡಂ: ಡಿಲೀಟ್ ಮಾಡಿ. 2018ರಲ್ಲಿ ಚಾಮರಾಜಪೇಟೇಲಿ ಇಂಥ ಮೆಸೇಜ್ ನಂಬ್ಕೊಂಡೇ ರಾಜಸ್ಥಾನದ ಹುಡುಗನ್ನ ಮಕ್ಕಳ ಕಳ್ಳ ಅಂತ ಹೊಡೆದು ಸಾಯಿಸಿದ್ರು. ಇನ್ನೊಂದು, ಇಂಥ ಹುಡುಗಿ ಫೋಟೋ ಹಂಚೋದೂ ಅಪರಾಧ, 6 ತಿಂಗಳವರೆಗೆ ಜೈಲು ಅಥವಾ 2 ಲಕ್ಷದವರೆಗೆ ದಂಡ, ಇಲ್ಲಾ ಎರಡೂ. ಕರ್ಪೂರ ದೇವರಿಗೆ ಹಚ್ಚಿ.

ವಿಜಯನಗರ: ಒಳ್ಳೇದಕ್ಕೆ ಹಾಕಿದ್ದು ಮೇಡಂ, ಹಿಂಗೆ ಮಾತಾಡೋದು ಬೇಡ.

ಯಲಹಂಕ: ಇವರೆಲ್ಲ ಬಾಂಗ್ಲಾದೇಶದೋರು, ಪೊಲೀಸರಿಗೆ ಹೇಳಿ ವಾಪಸ್ ಕಳ್ಸಿ ಅಷ್ಟೇ.

ಬಸವನಗುಡಿ: ಸರ್, ಮೇಲೆ ಓದಿ, ಪಶ್ಚಿಮ ಬಂಗಾಳ ಅಂತ ಬರ್ದಿದೆ. ಎಲ್ಲಿಯೋಳಾದ್ರೂ ಮಗು ಮಗುನೇ ಅಲ್ವಾ?

ಯಲಹಂಕ: ನಿಮ್ಮನೇಲೂ ಏಜೆಂಟ್ ಕಡೆಯೋಳೇ ಇರೋದು ಅಂತ ಗೊತ್ತು, ನಮಗೆ ಪಾಠ ಬೇಡ.

ಬಸವನಗುಡಿ: ನಮ್ಮನೆ ಅಕ್ಕನಿಗೆ 45 ವರ್ಷ ಸರ್, ಸಂಬಳ ಅವರ ಖಾತೆಗೇ ಹಾಕ್ತೀನಿ. ನಾಲಿಗೆ ಮೇಲೆ ಹಿಡಿತ ಇರ್ಲಿ.

ಅಡ್ಮಿನ್: ಇಬ್ರೂ ನಿಲ್ಲಿಸಿ.

ಆರ್.ಟಿ. ನಗರ: ಏಜೆನ್ಸಿ ಸರಿಯಾಗಿದ್ಯಾ ಅಂತ ಚೆಕ್ ಮಾಡೋದು ಹೇಗೆ ಮೇಡಂ?

ಮಲ್ಲೇಶ್ವರಂ: ನಾವಿಲ್ಲಿ ಹಿಡಿದ್ರೆ ಅಲ್ಲಿ ಇನ್ನೊಬ್ಬಳನ್ನ ಕಳಿಸ್ತಾರೆ. ದ್ವೀಪದಲ್ಲೇ ತಡೆಯೋಕೆ ಏನೂ ಇಲ್ವಾ?

ಲಾಯರ್ ಮೇಡಂ: ಇದೆ. 2013ರಿಂದ ಬಂಗಾಳದಲ್ಲಿ ಕನ್ಯಾಶ್ರೀ ಇದೆ, 13ರಿಂದ 18ರವರೆಗೆ ಓದ್ತಿರೋ ಹುಡುಗಿಗೆ ವರ್ಷಕ್ಕೆ 1000 ರೂಪಾಯಿ, ಮದುವೆ ಆಗ್ದೆ ಓದ್ತಾ 18 ತುಂಬಿದ್ರೆ 25,000. ಆದ್ರೆ ದುಡ್ಡೊಂದೇ ಸಾಲಲ್ಲ. ದ್ವೀಪದಿಂದ ಹೊರಗೆ ಬರೋಕೆ ದೋಣಿ ಹತ್ತೋ ಘಾಟ್‌ಗೇ ಬರ್ಬೇಕು. ಚಿಕ್ಕ ಹುಡುಗಿ ಬೆಳಗಿನ ಜಾವ ಬ್ಯಾಗ್ ಹಿಡ್ಕೊಂಡು ದೊಡ್ಡೋನ ಜೊತೆ ಹೋಗೋದನ್ನ ಮೊದಲು ನೋಡೋರು ದೋಣಿಯೋರು, ಟೀ ಅಂಗಡಿಯೋರು. ಎರಡು ದಿನ ಕ್ಲಾಸಿಗೆ ಬಂದಿಲ್ಲ ಅಂತ ಮೊದಲು ಗೊತ್ತಾಗೋದು ಟೀಚರಿಗೆ. ಇವರಿಗೆ ಯಾರಿಗೆ ಹೇಳ್ಬೇಕು ಅಂತ ಗೊತ್ತಿರ್ಬೇಕು, ಹೇಳಿದ್ರೆ ಕೇಳೋರು ಇರ್ಬೇಕು. ಮಗು ಕಾಣೆ ಅಂತ ಅಮ್ಮ ಬಂದ್ರೆ ಎಫ್‌ಐಆರ್ ಹಾಕಲೇಬೇಕು ಅಂತ ಸುಪ್ರೀಂ ಕೋರ್ಟ್ 2013ರಲ್ಲೇ ಹೇಳಿದೆ. ಓಡಿ ಹೋಗಿರ್ತಾಳೆ ಬಿಡಿ ಅಂತ ಕಳ್ಸೋ ಒಂದೊಂದು ದಿನಕ್ಕೂ ಅವಳು ಇನ್ನಷ್ಟು ದೂರ ಹೋಗಿರ್ತಾಳೆ.

ಕೆಂಗೇರಿ: 1098ಗೆ ಮಾಡಿದ್ರೆ ಹೆಸರು ಹೊರಗೆ ಬರುತ್ತಾ ಮೇಡಂ?

ಲಾಯರ್ ಮೇಡಂ: ಮೇಲೆ ಹೇಳಾಗಿದೆ.

ಬನಶಂಕರಿ: ನಾವೇ ನಾಲ್ಕು ಜನ ಹೋಗಿ ಬಿಡಿಸ್ಕೊಂಡು ಬಂದ್ರೆ ಆಗಲ್ವಾ?

ಲಾಯರ್ ಮೇಡಂ: ಆಗಲ್ಲ.

ವಿಜಯನಗರ: ಎಲ್ಲದಕ್ಕೂ ಆಗಲ್ಲ ಅಂದ್ರೆ ನಾವು ಮಾಡೋದಾದ್ರೂ ಏನು?

ಲಾಯರ್ ಮೇಡಂ: ನಾಲ್ಕು ಅಂಕಿ ಒತ್ತೋದು. 1098. ಹೂಡಿಯವ್ರೇ, ಮಾಡಿದ್ರಾ?

ಹೂಡಿ: ಮಾಡ್ದೆ ಮೇಡಂ. ಎಲ್ಲ ಬರ್ಕೊಂಡ್ರು. ಈಗ ಬಾಲ್ಕನೀಲಿ ಬಟ್ಟೆ ಹರವ್ತಿದಾಳೆ, ನನ್ನ ನೋಡಿ ನಕ್ಕಳು. ಕೈ ನಡುಗ್ತಿದೆ ನಂಗೆ.

ಲಾಯರ್ ಮೇಡಂ: ನೀವೂ ನಕ್ಕು ಒಳಗೆ ಹೋಗಿ. ಬಿಲ್ಡಿಂಗ್ ಬಗ್ಗೆ ಬರೆದಿರೋ ಮೆಸೇಜ್ ಅಳಿಸಿ, ಅವರ ಕಡೆಯೋರು ಈ ಗ್ರೂಪಲ್ಲೂ ಇರಬಹುದು. ಉಳಿದಿದ್ದು ನಂಗೆ ಫೋನಲ್ಲಿ ಹೇಳಿ.