ಆರನೇ ವಯಸ್ಸಿನಲ್ಲಿ ಕಂಡ ಒಂದು ದೃಶ್ಯ ಇಂದಿಗೂ ಏಕೆ ಹೆದರಿಸುತ್ತದೆ?

ಪ್ರಶ್ನೆ

ನನಗಾಗ ಆರು ವರ್ಷ. ಒಂದು ರಾತ್ರಿ ಮನೆಯ ಹಿರಿಯರು ಟಿವಿಯಲ್ಲಿ ದೆವ್ವದ ಸಿನಿಮಾವೊಂದನ್ನು ನೋಡುತ್ತಿದ್ದರು. ಪಕ್ಕದಲ್ಲೇ ಹೊದ್ದು ಮಲಗಿದ್ದ ನನಗೆ ನಿದ್ದೆ ಬಂದಿದೆ ಎಂದೇ ಅವರೆಲ್ಲರೂ ತಿಳಿದಿದ್ದರು. ಆ ಚಿತ್ರದ ಹೆಸರು ನನಗೆ ಗೊತ್ತಿಲ್ಲ, ಕಥೆಯೂ ನೆನಪಿಲ್ಲ. ಉಳಿದಿರುವುದು ಒಂದೇ ದೃಶ್ಯ: ತಾಯಿಯೊಬ್ಬಳು ಬೆನ್ನು ಮಾಡಿ ಕುಳಿತು ಬಟ್ಟೆ ಮಡಚುತ್ತಿರುತ್ತಾಳೆ, ಮಗು ಹಿಂದಿನಿಂದ ಕರೆಯುತ್ತದೆ, ಆಕೆ ನಿಧಾನವಾಗಿ ತಿರುಗಿದಾಗ ಮುಖ ಬೇರೆ ಯಾರದ್ದೋ ಆಗಿರುತ್ತದೆ.

ಅದಾದ ಮೇಲೆ ಎಷ್ಟೋ ತಿಂಗಳು, ನನ್ನ ಅಮ್ಮ ನನಗೆ ಬೆನ್ನು ಹಾಕಿ ನಿಂತಿದ್ದರೆ ಅವರನ್ನು ಕರೆಯಲು ನನಗೆ ಧೈರ್ಯ ಬರುತ್ತಿರಲಿಲ್ಲ. ಎದುರಿಗೆ ಓಡಿಹೋಗಿ ಮುಖ ನೋಡಿದ ನಂತರವೇ ಮಾತನಾಡುತ್ತಿದ್ದೆ. ಕಾರಣವನ್ನು ನಾನು ಯಾರಿಗೂ ಹೇಳಲಿಲ್ಲ, ಏಕೆಂದರೆ ಅಮ್ಮನನ್ನು ಕಂಡರೆ ಭಯ ಎಂದು ಅಮ್ಮನಿಗೇ ಹೇಳುವುದು ಹೇಗೆಂದು ತಿಳಿಯಲಿಲ್ಲ. ಈಗ ನನಗೆ ಮೂವತ್ತೆಂಟು. ದೆವ್ವವನ್ನು ನಾನು ನಂಬುವುದಿಲ್ಲ. ಆದರೂ ರಾತ್ರಿ ಮಂದ ಬೆಳಕಿನಲ್ಲಿ ಯಾರಾದರೂ ಬೆನ್ನು ಮಾಡಿ ನಿಂತಿರುವುದನ್ನು ಕಂಡರೆ ಎದೆ ಒಮ್ಮೆ ಝಲ್ಲೆನ್ನುತ್ತದೆ. ಸುಳ್ಳೆಂದು ಇಷ್ಟು ಖಚಿತವಾಗಿ ತಿಳಿದ ಮೇಲೂ ಈ ಭಯ ಉಳಿಯುವುದೇಕೆ? ಆ ಚಿತ್ರವನ್ನು ಹುಡುಕಿ ಮತ್ತೊಮ್ಮೆ ನೋಡಿದರೆ ಹೋಗಬಹುದೇ? ನನ್ನ ಮಗಳಿಗೂ ಈಗ ಆರು ತುಂಬಿದೆ, ತನಗೂ ದೆವ್ವದ ಸಿನಿಮಾ ತೋರಿಸೆಂದು ಕೇಳುತ್ತಿದ್ದಾಳೆ. ಹೀಗಾಗಿ ಈ ಪ್ರಶ್ನೆಯನ್ನು ಇನ್ನು ಮುಂದೂಡಲಾರೆ.

ಉತ್ತರ 1

ನಿಮ್ಮ ದೃಶ್ಯದಲ್ಲಿ ರಕ್ತವಿಲ್ಲ, ಕೊಲೆಯಿಲ್ಲ, ಕಿರುಚಾಟವೂ ಇಲ್ಲ ಎಂಬುದನ್ನು ಗಮನಿಸಿ. ಅಲ್ಲಿರುವುದು ಪರಿಚಿತ ಮುಖವೊಂದು ಅಪರಿಚಿತವಾಗುವುದು ಮಾತ್ರ. ಆ ವಯಸ್ಸಿನ ಮಗುವಿಗೆ ಅದಕ್ಕಿಂತ ಭೀಕರವಾದುದು ಹೆಚ್ಚೇನಿಲ್ಲ. ಮಕ್ಕಳು ಟಿವಿ ಮತ್ತು ಸಿನಿಮಾ ನೋಡಿ ಹೆದರುವ ಬಗೆಯನ್ನು ದಶಕಗಳ ಕಾಲ ಅಧ್ಯಯನ ಮಾಡಿದ ಅಮೆರಿಕದ ಜೋಆನ್ ಕ್ಯಾಂಟರ್ ಮತ್ತು ಅವರ ಸಹೋದ್ಯೋಗಿಗಳು 'ಇನ್‌ಕ್ರೆಡಿಬಲ್ ಹಲ್ಕ್' ಎಂಬ ಟಿವಿ ಧಾರಾವಾಹಿಯನ್ನು ಬಳಸಿ ಇದನ್ನೇ ಪರೀಕ್ಷಿಸಿದ್ದರು. ಅದರಲ್ಲಿ ಒಳ್ಳೆಯ ಮನುಷ್ಯನೊಬ್ಬ ಹಸಿರು ದೈತ್ಯನಾಗಿ ಬದಲಾಗಿ, ಕಷ್ಟದಲ್ಲಿರುವವರನ್ನು ಕಾಪಾಡುತ್ತಾನೆ. ದೊಡ್ಡ ಮಕ್ಕಳಿಗೆ ದೈತ್ಯನ ಒಳಗಿರುವವನು ಅದೇ ಒಳ್ಳೆಯವನೆಂದು ಗೊತ್ತಿತ್ತು. ಇನ್ನೂ ಶಾಲೆಗೆ ಸೇರದ ಮಕ್ಕಳು ಮಾತ್ರ ಆ ರೂಪಾಂತರವನ್ನು ಕಂಡೇ ಹೆಚ್ಚು ಹೆದರಿದರು. ಚಿಕ್ಕ ಮಕ್ಕಳು ಕಣ್ಣಿಗೆ ಕಾಣುವುದನ್ನೇ ಸತ್ಯವೆಂದು ತೂಗುತ್ತಾರೆ. ಹೊರರೂಪ ಬದಲಾದರೂ ಒಳಗಿನ ವ್ಯಕ್ತಿ ಬದಲಾಗಿಲ್ಲವೆಂಬ ತಿಳಿವಳಿಕೆ ಅವರಲ್ಲಿ ನಿಧಾನವಾಗಿ ಬಲಿಯುತ್ತದೆ. ನೀವು ಆ ಚಿತ್ರವನ್ನು ನೋಡಿದ್ದು ಆ ತಿಳಿವಳಿಕೆ ಇನ್ನೂ ಗಟ್ಟಿಯಾಗದ ಹೊತ್ತಿನಲ್ಲಿ.

ಇನ್ನು, ಸುಳ್ಳೆಂದು ಗೊತ್ತಿದ್ದರೂ ಭಯ ಏಕೆ ಉಳಿಯುತ್ತದೆ ಎಂಬ ಮಾತು. ಭಯದ ನೆನಪು ದಾಖಲಾಗುವಲ್ಲಿ ಮಿದುಳಿನ ಅಮಿಗ್ಡಲ ಎಂಬ ಚಿಕ್ಕ ಭಾಗಕ್ಕೆ ದೊಡ್ಡ ಪಾತ್ರವಿದೆ, ಮತ್ತು ಅದು ನಮ್ಮ ವಿಚಾರಶಕ್ತಿಯ ಅಪ್ಪಣೆಗೆ ಕಾಯುವುದಿಲ್ಲ. ಮಂದ ಬೆಳಕು, ಬೆನ್ನು ಮಾಡಿ ನಿಂತ ಆಕೃತಿ, ಇಷ್ಟು ಸೇರಿದರೆ ಸಾಕು, ನೀವು ಯೋಚಿಸುವ ಮೊದಲೇ ಎದೆ ಬಡಿದುಕೊಂಡಿರುತ್ತದೆ. ನೀವು ಒಂಟಿಯೂ ಅಲ್ಲ. ಕ್ಯಾಂಟರ್ ಮತ್ತು ಕ್ರಿಸ್ಟನ್ ಹ್ಯಾರಿಸನ್ 1999ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಕಾಲೇಜು ವಿದ್ಯಾರ್ಥಿಗಳ ಪೈಕಿ ಶೇ. 90ರಷ್ಟು ಮಂದಿ ತಮ್ಮನ್ನು ಬಹುಕಾಲ ಕಾಡಿದ ಇಂಥದೊಂದು ನೆನಪನ್ನು ಬರೆದಿದ್ದರು. ಸುಮಾರು ನಾಲ್ಕರಲ್ಲೊಬ್ಬರಿಗೆ ಆ ಅಳುಕು ಆಗಲೂ ಉಳಿದಿತ್ತು.

ಉತ್ತರ 2

ನನ್ನನ್ನು ಹೆದರಿಸಿದ್ದು ಜನರ ಮೇಲೆರಗುವ ಶಾರ್ಕ್‌ನ ಕಥೆಯ 1975ರ ಸಿನಿಮಾ 'ಜಾಸ್'. ಒಂಬತ್ತನೇ ವಯಸ್ಸಿನಲ್ಲಿ ಅದನ್ನು ನೋಡಿದ ಬಳಿಕ ಈಜುಕೊಳದಲ್ಲಿಯೂ ಕಾಲು ಕೆಳಗೆ ಬಿಡಲು ಹೆದರುತ್ತಿದ್ದೆ. ಈಜುಕೊಳದಲ್ಲಿ ಶಾರ್ಕ್ ಇರುವುದಿಲ್ಲವೆಂದು ನನಗೆ ಆಗಲೂ ಚೆನ್ನಾಗಿಯೇ ಗೊತ್ತಿತ್ತು, ಆದರೆ ಕಾಲಿಗೆ ಅದು ಗೊತ್ತಿರಲಿಲ್ಲ. ಬಹಳ ವರ್ಷಗಳ ನಂತರ ಆ ಚಿತ್ರದ ತಯಾರಿಕೆಯ ಬಗ್ಗೆ ಓದಿದಾಗ ನನ್ನ ಭಯದ ಮೂಲ ತಿಳಿಯಿತು. ಚಿತ್ರೀಕರಣಕ್ಕೆಂದು ಮಾಡಿದ್ದ ಯಾಂತ್ರಿಕ ಶಾರ್ಕ್ ಸಮುದ್ರದ ಉಪ್ಪುನೀರಿನಲ್ಲಿ ಪದೇಪದೇ ಕೆಟ್ಟು ನಿಲ್ಲುತ್ತಿದ್ದುದರಿಂದ, ನಿರ್ದೇಶಕರು ಚಿತ್ರದ ಬಹುಭಾಗದಲ್ಲಿ ಅದನ್ನು ತೋರಿಸದೆ, ಬರೀ ನೀರನ್ನು ತೋರಿಸಿ, ಜಾನ್ ವಿಲಿಯಮ್ಸ್ ಅವರ ಎರಡೇ ಸ್ವರಗಳ ಸಂಗೀತದಿಂದ ಶಾರ್ಕ್ ಹತ್ತಿರ ಬರುತ್ತಿದೆ ಎಂಬ ಭಾವನೆಯನ್ನು ಮೂಡಿಸಿದರು. ಹಾಗಾದರೆ ನಾನು ಹೆದರಿದ್ದು ಶಾರ್ಕಿಗಲ್ಲ, ನೀರಿಗೆ ಮತ್ತು ಆ ಸಂಗೀತಕ್ಕೆ. ನೀರಾದರೋ ಎಲ್ಲೆಲ್ಲೂ ಇದೆ.

ಮೂವತ್ತು ದಾಟಿದ ಮೇಲೆ ಒಂದು ಮಧ್ಯಾಹ್ನ, ಕಿಟಕಿಗಳನ್ನೆಲ್ಲ ತೆರೆದಿಟ್ಟು, ಮೊದಲು ಧ್ವನಿ ಪೂರ್ತಿ ತೆಗೆದು, ಆಮೇಲೆ ಧ್ವನಿಯೊಂದಿಗೆ ಅದೇ ಚಿತ್ರವನ್ನು ನೋಡಿದೆ. ಧ್ವನಿಯಿಲ್ಲದಾಗ ಅಲ್ಲಿದ್ದುದು ಅಲೆಗಳು ಮತ್ತು ಈಜುವ ಜನ, ಅಷ್ಟೇ. ಭಯ ಪೂರ್ತಿ ಹೋಯಿತೆಂದು ಹೇಳಲಾರೆ, ಆದರೆ ಈಗ ನಾನು ಈಜುತ್ತೇನೆ. ನೀವು ಹುಡುಕುವುದಾದರೆ ಹಗಲಿನಲ್ಲಿ, ಯಾರಾದರೊಬ್ಬರನ್ನು ಜೊತೆಗಿಟ್ಟುಕೊಂಡು, ಧ್ವನಿ ತೆಗೆದು ನೋಡಿ.

ಉತ್ತರ 3

ಮೇಲಿನವರ ಅನುಭವವನ್ನು ಗೌರವಿಸುತ್ತೇನೆ, ಆದರೆ ನನ್ನ ಪಾಲಿಗೆ ಮರಳಿ ನೋಡಿದ್ದು ಒಳ್ಳೆಯದಾಗಲಿಲ್ಲ. ಬಾಲ್ಯದಲ್ಲಿ ನನ್ನನ್ನು ಕಾಡಿದ ಚಿತ್ರವನ್ನು ಇಪ್ಪತ್ತೆರಡನೇ ವಯಸ್ಸಿನಲ್ಲಿ ಗೆಳೆಯರ ಒತ್ತಾಯಕ್ಕೆ ಮಣಿದು ರಾತ್ರಿ ನೋಡಿ, ಅರ್ಧಕ್ಕೇ ಎದ್ದು ಬಂದೆ. ಎದ್ದು ಬಂದದ್ದೇ ತಪ್ಪಾಯಿತೆಂದು ಆಮೇಲೆ ನಾನು ಕಂಡ ಮನಶ್ಶಾಸ್ತ್ರಜ್ಞರು ವಿವರಿಸಿದರು: ಭಯ ತುತ್ತತುದಿಗೇರಿದಾಗ ಓಡಿಹೋದರೆ, ಓಡಿದ್ದರಿಂದಲೇ ಬದುಕಿದೆ ಎಂಬ ಪಾಠವನ್ನು ಮನಸ್ಸು ಕಲಿಯುತ್ತದೆ. ಅವರು ನನಗೆ ಮೊದಲು ಆ ದೃಶ್ಯವನ್ನು ಮಾತಿನಲ್ಲಿ ಹೇಳಿಸಿದರು, ಬಳಿಕ ಬರೆಸಿದರು, ಆಮೇಲೆ ಒಂದು ಸ್ಥಿರಚಿತ್ರವನ್ನು ಮಾತ್ರ ತೋರಿಸಿದರು. ಮೆಟ್ಟಿಲು ಮೆಟ್ಟಿಲಾಗಿ ಹೋಗುವ ಈ ದಾರಿ ನಿಧಾನದ್ದಾದರೂ ನನಗೆ ಒಗ್ಗಿತು.

ಇನ್ನೊಂದು ವಿಷಯವನ್ನು ಹೇಳಲೇಬೇಕು. ನಿಮ್ಮ ನೆನಪಿನಲ್ಲಿರುವ ದೃಶ್ಯ ಆ ಚಿತ್ರದಲ್ಲಿ ಹಾಗೆಯೇ ಇಲ್ಲದಿರಬಹುದು. ನೆನಪೆಂಬುದು ಪೆಟ್ಟಿಗೆಯಲ್ಲಿಟ್ಟ ಫೋಟೋ ಅಲ್ಲ. ಪ್ರತಿ ಸಲ ಹೊರತೆಗೆದಾಗಲೂ ಅದು ತುಸು ಬದಲಾಗಿ ಮತ್ತೆ ಒಳಸೇರುತ್ತದೆ. ನನ್ನ ನೆನಪಿನಲ್ಲಿ ಕಾಡಿದ್ದ ಕೆಂಪು ಬಾಗಿಲು ಚಿತ್ರದಲ್ಲಿ ಕೆಂಪಾಗಿಯೇ ಇರಲಿಲ್ಲ. ಮೂವತ್ತೆರಡು ವರ್ಷ ನೀವು ಹೊತ್ತಿರುವ ಆ ಮುಖವನ್ನು ಬಹುಮಟ್ಟಿಗೆ ನೀವೇ ಬಿಡಿಸಿರಬಹುದು. ಆದ್ದರಿಂದ ಚಿತ್ರವನ್ನು ಹುಡುಕುವ ಮೊದಲು ಆ ಮುಖವನ್ನು ಕಾಗದದ ಮೇಲೆ ಬರೆದು ನೋಡಿ. ನಿದ್ದೆಗೋ ದಿನದ ಕೆಲಸಕ್ಕೋ ಅಡ್ಡಿಯಾಗುವಷ್ಟು ಕಾಡುತ್ತಿದ್ದರೆ ತಜ್ಞರನ್ನು ಕಾಣಲು ಸಂಕೋಚ ಪಡಬೇಡಿ.

ಉತ್ತರ 4

ನಿಮ್ಮ ಮಗಳ ವಿಚಾರಕ್ಕೆ ಯಾರೂ ಉತ್ತರಿಸಲಿಲ್ಲವಾದ್ದರಿಂದ ಇಬ್ಬರು ಮಕ್ಕಳ ತಾಯಿಯಾಗಿ ಬರೆಯುತ್ತಿದ್ದೇನೆ. ದೊಡ್ಡವರು ಮಾಡುವ ಸಾಮಾನ್ಯ ತಪ್ಪೆಂದರೆ "ಅದೆಲ್ಲ ಸುಳ್ಳು, ಹೆದರಬೇಡ" ಎಂದು ಮಾತು ಮುಗಿಸುವುದು. ಮೊದಲ ಉತ್ತರದಲ್ಲಿ ಹೆಸರಿಸಿದ ಕ್ಯಾಂಟರ್ ಅವರು ಬಾರ್ಬರಾ ವಿಲ್ಸನ್ ಅವರೊಡನೆ 1984ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮಾಟಗಾತಿಯ ದೃಶ್ಯವೊಂದನ್ನು ನೋಡುವ ಮುನ್ನ 'ಇದು ನಿಜವಲ್ಲವೆಂದು ನೆನಪಿಟ್ಟುಕೋ' ಎಂದು ಹೇಳಿದ್ದು ದೊಡ್ಡ ಮಕ್ಕಳಿಗೆ ಸಹಾಯವಾಯಿತು, ತೀರ ಚಿಕ್ಕವರಿಗೆ ಆಗಲಿಲ್ಲ. ಆರು ವರ್ಷವೆಂಬುದು ಇವೆರಡರ ನಡುವಿನ ವಯಸ್ಸು. ನನ್ನ ಮಕ್ಕಳಿಗೆ ಆ ವಯಸ್ಸಿನಲ್ಲಿ ನೆರವಾದದ್ದು ಮಾತಲ್ಲ. ಮಡಿಲಲ್ಲಿ ಕೂರಿಸಿಕೊಳ್ಳುವುದು, ದೀಪ ಹಾಕಿಡುವುದು, ಸಾಕೆಂದ ತಕ್ಷಣ ಟಿವಿ ಆರಿಸುವುದು. ಚಿತ್ರಗಳಿಗೆ ಕೊಡುವ ವಯಸ್ಸಿನ ಪ್ರಮಾಣಪತ್ರವನ್ನು ನೋಡಬೇಕು ನಿಜ, ಆದರೆ ಬೆನ್ನು ಮಾಡಿ ಕುಳಿತ ತಾಯಿ ತಿರುಗುವ ದೃಶ್ಯ ಯಾವ ಮಗುವನ್ನು ಹೇಗೆ ತಟ್ಟುತ್ತದೆಂದು ಅದು ಹೇಳಲಾರದು. ಮುಖ್ಯವಾಗಿ, ನಿಮ್ಮ ಮಗಳು ಹೆದರಿದರೆ ಅದನ್ನು ನಿಮ್ಮ ಬಳಿ ಹೇಳುವಂತಿರಬೇಕು. ನೀವು ಪಟ್ಟ ಕಷ್ಟದಲ್ಲಿ ಅರ್ಧ ಆ ದೃಶ್ಯದ್ದಾದರೆ, ಉಳಿದರ್ಧ ಯಾರಿಗೂ ಹೇಳಲಾಗದ ಮೌನದ್ದು ಎಂದು ನನಗೆ ಅನಿಸುತ್ತದೆ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಕೃತಜ್ಞತೆಗಳು. ಕೊನೆಯ ಉತ್ತರವನ್ನು ಓದಿದ ಮೇಲೆ ಅಮ್ಮನಿಗೆ ಫೋನ್ ಮಾಡಿ, ಮೊದಲ ಬಾರಿಗೆ ಆ ರಾತ್ರಿಯ ವಿಷಯ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಆ ದಿನಗಳಲ್ಲಿ ನಾನು ಪ್ರತಿ ಸಲವೂ ಎದುರಿಗೆ ಓಡಿಬಂದು ಮುಖ ನೋಡುತ್ತಿದ್ದುದನ್ನು ತಾವು ಪ್ರೀತಿಯೆಂದುಕೊಂಡಿದ್ದಾಗಿ ಹೇಳಿದರು. ಅದೂ ಸುಳ್ಳಲ್ಲ ಎಂದೆ. ಚಿತ್ರದ ಹೆಸರು ಅವರಿಗೂ ನೆನಪಿಲ್ಲ. ಸದ್ಯಕ್ಕೆ ಹುಡುಕುವುದನ್ನು ಬಿಟ್ಟು, ಮೂರನೆಯವರು ಹೇಳಿದಂತೆ ಆ ಮುಖವನ್ನು ಬರೆಯಲು ಕುಳಿತಿದ್ದೇನೆ. ಕೂದಲು, ಹೆಗಲು, ಮಡಚಿದ ಬಟ್ಟೆ ಎಲ್ಲವೂ ಬಂದಿವೆ, ಮುಖವೊಂದನ್ನು ಇನ್ನೂ ಬರೆದಿಲ್ಲ.