ಊಟ ಮಾಡೂದಿಲ್ಲ ಅಂತಾರ, ತೂಕ ನೋಡಿದ್ರ ಜಾಸ್ತಿ: 4 ವರ್ಷದ ಹುಡುಗಗ ಏನ್ ಕಡಿಮಿ ಮಾಡಸೂದು?

ಪ್ರಶ್ನೆ: ಅಂಗನವಾಡಿ ಟೀಚರ್, ಜಮಖಂಡಿ ತಾಲೂಕು

ಹುಡುಗಗ 4 ವರ್ಷ ತುಂಬ್ಯಾವ. ತೂಕ 19 ಕೆ.ಜಿ., ಎತ್ತರ 101 ಸೆಂ.ಮೀ. ವಯಸ್ಸಿಗೆ ತೂಕದ ಚಾರ್ಟಿನಾಗ ಏನೂ ತಪ್ಪು ಕಾಣಂಗಿಲ್ಲ, ಎತ್ತರಕ್ಕ ತೂಕ ಹಚ್ಚಿ ನೋಡಿದ್ರ ಅತಿತೂಕ ಅಂತ ಬರ್ತೈತಿ. ಮನ್ಯಾಗ ಕೇಳಿದ್ರ ‘ರೊಟ್ಟಿ ಮುಟ್ಟೂದಿಲ್ರಿ, ಹಾಲಿನ ಮ್ಯಾಲೇ ಅದಾನ’ ಅಂತಾರ. ಎಮ್ಮಿ ಹಾಲು ದಿನಕ್ಕ ಮೂರು ಗ್ಲಾಸು, ಒಂದೊಂದಕ್ಕ ಎರಡು ಚಮಚ ಸಕ್ರಿ, ಮುಂಜಾನೆ ಸಂಜಿಗೆ ನಾಕ್ನಾಕು ಗ್ಲೂಕೋಸ್ ಬಿಸ್ಕೀಟು. ಇಲ್ಲಿ ಕ್ಷೀರಭಾಗ್ಯದ ಹಾಲು, ಬಿಸಿ ಊಟ, ಮೊಟ್ಟಿ ಬ್ಯಾರೆ. ಅಜ್ಜಿ ‘ಗುಂಡಗ ಇದ್ರನ ಕೂಸು ಛಂದ’ ಅಂತಾಳ. ಊಟ ಕಡಿಮಿ ಮಾಡ್ರಿ ಅನ್ನಬೇಕೋ ಬ್ಯಾಡೋ?

ಉತ್ತರ 1: ಬೆಳವಣಿಗೆ ನಿಗಾ ತರಬೇತಿ, ಬಾಗಲಕೋಟೆ

ಮೊದ್ಲ ಎತ್ತರ ಇನ್ನೊಮ್ಮೆ ಅಳೀರಿ. 19ನ್ನು 1.01ರಿಂದ ಎರಡು ಸಲ ಭಾಗಿಸಿದ್ರ ಬಿಎಂಐ (ಎತ್ತರಕ್ಕ ತೂಕ ಎಷ್ಟೈತಿ ಅನ್ನೂ ಅಳತಿ) 18.6. ವಿಶ್ವ ಆರೋಗ್ಯ ಸಂಸ್ಥೆಯ 2006ರ ಮಾನದಂಡದಾಗ 4 ವರ್ಷದ ಗಂಡುಹುಡುಗರಿಗೆ ನಡುಗೆರಿ (ಸರಾಸರಿ) 15.3, +2 ಗೆರಿ (ಇದರ ಮ್ಯಾಲೆ ಹೋದ್ರ ಅತಿತೂಕ) 18.2. ಅಂದ್ರ ಗೆರಿ ದಾಟ್ಯಾನ. ಆದ್ರ ಎತ್ತರ ಖರೇನ 103 ಇದ್ರ ಬಿಎಂಐ 17.9, ಗೆರಿ ಒಳಗ! ಎರಡು ಸೆಂ.ಮೀ. ತಪ್ಪಾಗಲಿಕ್ಕೆ ಮೊಣಕಾಲು ಒಂಚೂರು ಬಾಗಿದ್ರ ಸಾಕು. ಬರಿಗಾಲಿಲೆ ನಿಂದ್ರಸ್ರಿ, ಹಿಮ್ಮಡಿ, ಕುಂಡಿ, ಬೆನ್ನು, ತಲಿ ಹಲಗಿಗೆ ತಾಕಿರಬೇಕು, ಒಬ್ಬರು ಮೊಣಕಾಲು ಹಿಡೀಬೇಕು, ಗದ್ದ ಮ್ಯಾಲೆತ್ತಬಾರದು. ಎರಡು ಸಲ ಅಳೀರಿ, ಅರ್ಧ ಸೆಂ.ಮೀ.ಗಿಂತ ಹೆಚ್ಚು ಫರಕು ಬಂದ್ರ ಮೂರನೇ ಸಲ.

ವಯಸ್ಸಿಗೆ ತೂಕದ ಚಾರ್ಟು ಇದಕ್ಕ ಕೆಲಸಕ್ಕ ಬರೂದಿಲ್ಲ. ಕುಳ್ಳಗ ದಪ್ಪಗಿದ್ದವ, ಉದ್ದಕ ತೆಳ್ಳಗಿದ್ದವ, ಇಬ್ಬರಿಗೂ ಅದರಾಗ ಒಂದೇ ಚುಕ್ಕಿ. ತೋಳಿನ ಪಟ್ಟಿನೂ ಅಪೌಷ್ಟಿಕತೆ ಹಿಡಿಯಾಕ ಇರೂದು, ಬೊಜ್ಜಿಗಲ್ಲ.

ಉತ್ತರ 2: ಆಹಾರ ತಜ್ಞೆ, ಬೆಳಗಾವಿ

ಊಟ ಕಡಿಮೆ ಮಾಡಿಸಬೇಡಿ, ಅವನು ಊಟವನ್ನೇ ಮಾಡುತ್ತಿಲ್ಲವಲ್ಲ. ಗ್ಲಾಸಿನ ಲೆಕ್ಕ ನೋಡಿ. 200 ಮಿ.ಲೀ.ಯಂತೆ ಮೂರು ಗ್ಲಾಸು ಗಟ್ಟಿ ಎಮ್ಮೆ ಹಾಲು ಎಂದರೆ ಸುಮಾರು 600 ಕಿಲೋ ಕ್ಯಾಲೊರಿ. ಆರು ಚಮಚ ಸಕ್ಕರೆಗೆ ನೂರರ ಮೇಲೆ. ಎಂಟು ಬಿಸ್ಕತ್ತಿಗೆ ಹತ್ತಿರ ಹತ್ತಿರ 180. ಇಷ್ಟಕ್ಕೇ 900 ಮುಟ್ಟಿತು. 4ರಿಂದ 6 ವರ್ಷದವರಿಗೆ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2020ರಲ್ಲಿ ಹೇಳಿದ್ದು ಇಡೀ ದಿನಕ್ಕೆ 1,360. ರೊಟ್ಟಿಗೆ ಹೊಟ್ಟೆಯಲ್ಲಿ ಜಾಗ ಎಲ್ಲಿದೆ? ಹಾಲಿನಲ್ಲಿ ಕಬ್ಬಿಣಾಂಶ ತೀರಾ ಕಡಿಮೆ, ಹಾಗಾಗಿ ದುಂಡಗೆ ಕಾಣುವ ಹುಡುಗನಿಗೂ ರಕ್ತಹೀನತೆ ಇರಬಹುದು. ಹಿಮೋಗ್ಲೋಬಿನ್ ನೋಡಿಸಿ.

ನಿಮ್ಮಲ್ಲಿ ಕೊಡುವ 150 ಮಿ.ಲೀ. ಹಿಡಿದು ದಿನಕ್ಕೆ ಒಟ್ಟು 400 ಮಿ.ಲೀ. ಸಾಕು. ಮೊದಲು ಮಲಗುವಾಗಿನ ಗ್ಲಾಸು ನಿಲ್ಲಿಸಿ, ಹಲ್ಲು ಹುಳುಕಾಗಲು ಅದೂ ಒಂದು ಕಾರಣ. ಸಕ್ಕರೆಯನ್ನು ನಾಲ್ಕು ದಿನಕ್ಕೊಮ್ಮೆ ಅರ್ಧ ಚಮಚ ಇಳಿಸುತ್ತ ಬನ್ನಿ, ಒಂದೇ ದಿನ ತೆಗೆದರೆ ಮಗು ಗ್ಲಾಸು ದೂಡುತ್ತದೆ, ಮನೆಯವರು ಸೋಲುತ್ತಾರೆ. ಕಾಸಿ ಆರಿಸಿ ಕೆನೆ ತೆಗೆದು ಕೊಡಿ.

ಸಾಮಾನ್ಯವಾಗಿ ಕೆಡುವುದು ಐದಾರನೇ ದಿನ. ಹಾಲು ಇಳಿದಿರುತ್ತದೆ, ಅತ್ತಾಗ ಕೈಗೆ ಬಿಸ್ಕತ್ತು ಬಂದಿರುತ್ತದೆ, ಲೆಕ್ಕ ಅಲ್ಲಿಂದಲ್ಲಿಗೆ. ಇಲ್ಲವೇ ಹಾಲಿಗೆ ಚಾಕೊಲೇಟ್ ಪುಡಿ ಸೇರಿರುತ್ತದೆ. ಅಂಥ ಪೇಯಗಳನ್ನು ‘ಹೆಲ್ತ್ ಡ್ರಿಂಕ್’ ವಿಭಾಗದಿಂದ ತೆಗೆಯುವಂತೆ 2024ರ ಏಪ್ರಿಲ್‌ನಲ್ಲಿ ಕೇಂದ್ರ ವಾಣಿಜ್ಯ ಸಚಿವಾಲಯ ಆನ್‌ಲೈನ್ ಅಂಗಡಿಗಳಿಗೆ ಸೂಚಿಸಿತ್ತು. ಅಜ್ಜಿಗೆ ಇದನ್ನು ಹೇಳಿ ನೋಡಿ.

ಊಟಕ್ಕೆ ಅರ್ಧ ಜೋಳದ ರೊಟ್ಟಿಯನ್ನು ಬೇಳೆಯಲ್ಲಿ ಮೆತ್ತಗೆ ಕಲಸಿ. ಮಡಕಿಕಾಳಿನ ಪಲ್ಯ ಮೂರು-ನಾಲ್ಕು ದೊಡ್ಡ ಚಮಚ, ಮೊಸರು, ಶೇಂಗಾ ಹಿಂಡಿ (ಚಟ್ನಿಪುಡಿ) ಒಂದು ಚಮಚ. ಇಡೀ ಶೇಂಗಾ ಬೇಡ, ಗಂಟಲಿಗೆ ಸಿಕ್ಕೀತು. 25 ನಿಮಿಷ ಆದ ಮೇಲೆ ತಾಟು ಎತ್ತಿಬಿಡಿ. ಏನು, ಯಾವಾಗ ಅನ್ನುವುದು ಮನೆಯವರ ಕೈಯಲ್ಲಿ, ಎಷ್ಟು ಅನ್ನುವುದು ಹುಡುಗನ ಕೈಯಲ್ಲಿ. ಮುಂದಿನ ತಿಂಡಿಗೆ ಎರಡೂವರೆ ತಾಸು, ನಡುವೆ ನೀರು ಮಾತ್ರ. ಮೊಬೈಲ್ ತೋರಿಸಿ ತುತ್ತಿಟ್ಟರೆ ಹೊಟ್ಟೆ ತುಂಬಿದ್ದು ಅವನಿಗೇ ತಿಳಿಯುವುದಿಲ್ಲ.

ಉತ್ತರ 3: ಗೋಕಾಕ

ಸಕ್ರಿ ಬದ್ಲಿ ಬೆಲ್ಲ, ಬಿಸ್ಕೀಟ್ ಬದ್ಲಿ ಕರದಂಟು ಕೊಟ್ರ ಆಗೂದಿಲ್ಲೇನ್ರಿ? ನಮ್ಮ ಕಡೀದ ಜಿನಸು, ಮೈದಾ ಅಂತೂ ಇರೂದಿಲ್ಲ.

ಆಹಾರ ತಜ್ಞೆ, ಬೆಳಗಾವಿ

ತೂಕದ ವಿಚಾರದಲ್ಲಿ ಆಗುವುದಿಲ್ಲ. 100 ಗ್ರಾಂ ಸಕ್ಕರೆ 400 ಕಿಲೋ ಕ್ಯಾಲೊರಿ ಆದರೆ ಬೆಲ್ಲ ಸುಮಾರು 380, ಅಷ್ಟೇ ಫರಕು. ಕರದಂಟು ಗೋಕಾಕದ್ದಾಗಲಿ ಅಮೀನಗಡದ್ದಾಗಲಿ ಬೆಲ್ಲ, ತುಪ್ಪ, ಒಣಹಣ್ಣು ಒತ್ತಿ ಕೂಡಿಸಿದ್ದು. ಹಬ್ಬಕ್ಕೆ ಇರಲಿ, ದಿನಾ ಬೇಡ. ವಿಜಯಪುರದ ಒಣದ್ರಾಕ್ಷಿಗಿಂತ ಹಸಿ ದ್ರಾಕ್ಷಿ ವಾಸಿ, ಉದ್ದಕ್ಕೆ ನಾಲ್ಕಾಗಿ ಸೀಳಿ ಕೊಡಿ. ಪೇರಲ, ಒಂದು ಮುಷ್ಟಿ ಚುರಮುರಿನೂ ನಡೆಯುತ್ತದೆ.

ಉತ್ತರ 4: ಮಕ್ಕಳ ವೈದ್ಯ, ವಿಜಯಪುರ

ತೂಕ ಇಳಿಸುವ ಗುರಿ ಬೇಡ. ಈ ವಯಸ್ಸಿನಲ್ಲಿ ವರ್ಷಕ್ಕೆ ಸುಮಾರು 6 ಸೆಂ.ಮೀ. ಬೆಳೆಯುತ್ತಾರೆ. ಮುಂದಿನ ವರ್ಷ 107ಕ್ಕೆ 19.5 ಕೆ.ಜಿ. ಇದ್ದರೆ ಬಿಎಂಐ 17ಕ್ಕೆ ಬಂದಿರುತ್ತದೆ, ಅಷ್ಟಾದರೆ ಗೆದ್ದಂತೆ. ಮಕ್ಕಳ ಬಿಎಂಐ ಸಹಜವಾಗಿ 5-6 ವರ್ಷದವರೆಗೆ ಇಳಿದು ಆಮೇಲೆ ಏರಬೇಕು, ಅದಕ್ಕೂ ಮೊದಲೇ ಏರಲು ಶುರುವಾದವರಿಗೆ ಮುಂದೆ ಬೊಜ್ಜಿನ ಅಪಾಯ ಹೆಚ್ಚು. ದಿನಕ್ಕೆ ಮೂರು ತಾಸು ಓಡಾಟ, 10ರಿಂದ 13 ತಾಸು ನಿದ್ದೆ, ಪರದೆ ಒಂದು ತಾಸಿನೊಳಗೆ.

ತಿಂದು ದಪ್ಪಗಾದ ಮಕ್ಕಳು ಸಾಮಾನ್ಯವಾಗಿ ಎತ್ತರವೂ ಇರುತ್ತಾರೆ. ದಪ್ಪಗಾಗುತ್ತ ಎತ್ತರ ನಿಂತರೆ ಥೈರಾಯ್ಡ್ ಮೊದಲಾದ ಹಾರ್ಮೋನ್ ತೊಂದರೆ ಯೋಚಿಸಬೇಕು. ಇವನ 101 ಸರಾಸರಿಗಿಂತ ತುಸು ಕೆಳಗೆ, ಭಯವಿಲ್ಲ, ಆದರೆ ಮೂರು ತಿಂಗಳಿಗೊಮ್ಮೆ ಅಳೆದು ಬರೆದಿಡಿ. ರಾತ್ರಿ ಗೊರಕೆ, ಕುತ್ತಿಗೆ ಹಿಂದೆ ಮಖಮಲ್ಲಿನಂಥ ಕಪ್ಪು ಇದ್ದರೆ ಕಾಯದೆ ಕರೆತರಲು ಹೇಳಿ.

ಟೀಚರ್, ಜಮಖಂಡಿ ತಾಲೂಕು

ಮತ್ತ ಇಲ್ಲಿ ಕೊಡೂ ಮೊಟ್ಟಿ? ಅದನ್ನ ಬಿಡಸ್ರಿ ಅಂತ ಅವರವ್ವ ಅನ್ನಾಕ್ಹತ್ಯಾಳ.

ಆಹಾರ ತಜ್ಞೆ, ಬೆಳಗಾವಿ

ಬಿಡಿಸಬೇಡಿ. ಒಂದು ಮೊಟ್ಟೆಗೆ 70-80 ಕಿಲೋ ಕ್ಯಾಲೊರಿ, 6 ಗ್ರಾಂ ಪ್ರೋಟೀನು. ಅವನ ದಿನದಲ್ಲಿ ಹಸಿವು ತಡೆದು ನಿಲ್ಲಿಸುವ ತಿನಿಸು ಸದ್ಯ ಅದೊಂದೇ. ಬಿಡಿಸುವುದಿದ್ದರೆ ಸಂಜೆಯ ನಾಲ್ಕು ಬಿಸ್ಕತ್ತು ಬಿಡಿಸಲಿ.